ಬಲ ಎಲ್ಲಿ ಕೂತಿದೆ?

ಮೊದಲ ಪಿಯುಸಿಯ ಭೌತಶಾಸ್ತ್ರದಲ್ಲಿ ಜಾಣ ಮಕ್ಕಳನ್ನೂ ಮುಗ್ಗರಿಸುವಂತೆ ಮಾಡುವ ಪಾಠ ಯಾವುದು ಅಂತ ಕೇಳಿದರೆ ನನ್ನ ಉತ್ತರ ರೊಟೇಷನಲ್ ಮೋಷನ್, ಅಂದರೆ ತಿರುಗುವ ವಸ್ತುಗಳ ಚಲನೆ. ತುಮಕೂರಿನ ನಮ್ಮ ಕಾಲೇಜಿಗೆ ಗುಬ್ಬಿ, ತುರುವೇಕೆರೆ, ಕೊರಟಗೆರೆ, ಶಿರಾ ಕಡೆಯಿಂದ ಬೆಳಗ್ಗೆ ಬಸ್ಸು ಹತ್ತಿ ಬರುವ ಮಕ್ಕಳೇ ಜಾಸ್ತಿ. ಜೂನ್‌ನಲ್ಲಿ ಸೇರಿದವರು ದಸರಾ ಹೊತ್ತಿಗೆ ನ್ಯೂಟನ್ನನ ನಿಯಮಗಳನ್ನು ಅರೆದು ಕುಡಿದಿರುತ್ತಾರೆ. ಇಳಿಜಾರಿನಲ್ಲಿ ಜಾರುವ ಪೆಟ್ಟಿಗೆ, ಹಗ್ಗದ ಎರಡು ತುದಿಗೆ ಕಟ್ಟಿದ ತೂಕ, ಲಿಫ್ಟಿನೊಳಗೆ ನಿಂತ ಮನುಷ್ಯ, ಯಾವುದನ್ನು ಕೊಟ್ಟರೂ ನಾನು ಬೋರ್ಡ್ ಒರೆಸುವಷ್ಟರಲ್ಲಿ ಉತ್ತರ ಬಂದಿರುತ್ತೆ. ಅದೇ ಇಳಿಜಾರಿನಿಂದ ಪೆಟ್ಟಿಗೆ ತೆಗೆದು ಒಂದು ಗುಂಡು ಇಟ್ಟು, ‘ಇದು ಜಾರಲ್ಲ, ಉರುಳುತ್ತೆ’ ಅಂದರೆ ಸಾಕು, ಪೆನ್ನುಗಳು ನಿಂತುಬಿಡುತ್ತವೆ.

ಕಾರಣ ಇದೆ. ಅಲ್ಲಿಯವರೆಗೆ ನಾವೇ ಅವರಿಗೊಂದು ಸೌಲಭ್ಯ ಮಾಡಿಕೊಟ್ಟಿರುತ್ತೇವೆ. ವಸ್ತು ಎಷ್ಟೇ ದೊಡ್ಡದಿರಲಿ, ಅದನ್ನು ಒಂದು ಚುಕ್ಕಿ ಅಂದುಕೊಂಡು ಎಲ್ಲ ಬಲಗಳ ಬಾಣವನ್ನೂ ಆ ಚುಕ್ಕಿಯಿಂದಲೇ ಎಳೆಯಬಹುದು. ಲಾರಿಯೂ ಚುಕ್ಕಿ, ಲಾರಿ ಮೇಲಿನ ಮೂಟೆಯೂ ಚುಕ್ಕಿ. ಹಿಂದಿನಿಂದ ನೂಕಿದರೂ ಮುಂದಿನಿಂದ ಎಳೆದರೂ ಲೆಕ್ಕ ಒಂದೇ. ತಿರುಗುವ ವಸ್ತು ಬಂದ ಕೂಡಲೇ ಆ ಸೌಲಭ್ಯ ರದ್ದಾಗುತ್ತೆ. ಬಾಗಿಲನ್ನು ಚಿಲಕದ ಹತ್ತಿರ ಒಂದು ಬೆರಳಲ್ಲಿ ನೂಕಬಹುದು. ಕೀಲಿನ ಪಕ್ಕದಲ್ಲಿ ನೂಕಬೇಕಾದರೆ ಭುಜ ಕೊಡಬೇಕು. ಬಾಗಿಲು ಅದೇ, ಬಲ ಕೂತ ಜಾಗ ಬೇರೆ. ಹಾಗಾಗಿ ಈ ಪಾಠದ ಲೆಕ್ಕಗಳಿಗೆ ಮೊದಲು ಕೇಳಬೇಕಾದ್ದು ಬಲ ಎಲ್ಲಿ ಕೂತಿದೆ ಅಂತ. ಅದಾದ ಮೇಲೆ, ಅದನ್ನು ಯಾವ ಬಿಂದುವಿನಲ್ಲಿ ನಿಂತು ನೋಡೋಣ ಅಂತ. ಇವೆರಡನ್ನೂ ಕೇಳದೆ ಮಕ್ಕಳು ನೇರವಾಗಿ ಮೂರನೆಯದಕ್ಕೆ ಹಾರುತ್ತಾರೆ: ‘ಮೇಡಂ, ಇದಕ್ಕೆ ಯಾವ ಫಾರ್ಮುಲಾ?’

ಫಾರ್ಮುಲಾಗಳ ಪಟ್ಟಿ ಅವರ ನೋಟ್ಸಿನ ಕೊನೇ ಹಾಳೆಯಲ್ಲಿ ಬಣ್ಣದ ಪೆನ್ನಲ್ಲಿ ಇರುತ್ತೆ. ಬಳೆಗೆ 1, ಡಿಸ್ಕಿಗೆ 1/2, ಗಟ್ಟಿ ಗೋಳಕ್ಕೆ 2/5, ಟೊಳ್ಳು ಗೋಳಕ್ಕೆ 2/3, ಕೋಲನ್ನು ನಡುವೆ ಹಿಡಿದರೆ 1/12, ತುದಿ ಹಿಡಿದರೆ 1/3. ಇನರ್ಷಿಯಾ ಅಂದರೆ ವಸ್ತು ತನ್ನನ್ನು ತಿರುಗಿಸುವುದಕ್ಕೆ ಒಡ್ಡುವ ತಡೆ; ದ್ರವ್ಯರಾಶಿಯನ್ನು ತ್ರಿಜ್ಯದ (ಕೋಲಿಗಾದರೆ ಉದ್ದದ) ವರ್ಗದಿಂದ ಗುಣಿಸಿ, ಮತ್ತೆ ಈ ಭಿನ್ನರಾಶಿಯಿಂದ ಗುಣಿಸಿದರೆ ಅದು ಸಿಗುತ್ತೆ. ಈ ಭಿನ್ನರಾಶಿಗಳನ್ನು ಬಾಯಿಪಾಠ ಮಾಡೋದಕ್ಕೆ ನನ್ನ ತಕರಾರಿಲ್ಲ, ಪರೀಕ್ಷೆಯಲ್ಲಿ ಇಂಟಿಗ್ರೇಷನ್ ಮಾಡಿಕೊಂಡು ಕೂರೋಕೆ ಯಾರಿಗೂ ಪುರಸೊತ್ತಿಲ್ಲ. ಆದರೆ ಅವುಗಳ ಸಾಲು ಹಾಗೆ ಯಾಕಿದೆ ಅಂತ ಒಂದು ಸಲ ಮೈಗೆ ತಿಳಿಯಬೇಕು. ತೆಂಗಿನಕಾಯಿ ಕೀಳುವ ದೋಟಿ ನಮ್ಮ ಮಕ್ಕಳ ಮನೆಗಳಲ್ಲೇ ಇದೆ. ಅದನ್ನು ಮಟ್ಟಸವಾಗಿ, ನಟ್ಟನಡುವೆ ಹಿಡಿದು ಅತ್ತಿತ್ತ ತಿರುಗಿಸಿ ನೋಡಿ, ಆಮೇಲೆ ಒಂದು ತುದಿಯನ್ನಷ್ಟೇ ಹಿಡಿದು ತಿರುಗಿಸಲು ನೋಡಿ. ದೋಟಿಯ ತೂಕ ಒಂದು ಗ್ರಾಮೂ ಹೆಚ್ಚಿರೋದಿಲ್ಲ, ತಿರುಗಿಸುವ ಕಷ್ಟ ನಾಲ್ಕು ಪಟ್ಟಾಗಿರುತ್ತೆ. 1/12ಕ್ಕೂ 1/3ಕ್ಕೂ ಇರುವ ವ್ಯತ್ಯಾಸ ಅಷ್ಟೇ. ದೂರದಲ್ಲಿರುವ ದ್ರವ್ಯರಾಶಿ ದೂರದ ವರ್ಗದ ಲೆಕ್ಕದಲ್ಲಿ ಸತಾಯಿಸುತ್ತೆ.

ಇದನ್ನೇ ಬೇಕೂಂತ ಬಳಸಿಕೊಂಡವರೂ ಇದ್ದಾರೆ. ಈಗ ಮುಚ್ಚಿಹೋಗಿರುವ ನಮ್ಮೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಹಳೇ ಕೀಲಿ ಗಡಿಯಾರ ಯಾರ ಮನೆಯಲ್ಲಾದರೂ ಉಳಿದಿದ್ದರೆ, ಹಿಂದಿನ ಮುಚ್ಚಳ ತೆಗೆಸಿ ನೋಡಿ. ಒಳಗೆ ಅತ್ತಿಂದಿತ್ತ ಓಲಾಡುತ್ತಿರುವ ಪುಟ್ಟ ಚಕ್ರದ ತೂಕವೆಲ್ಲ ಅಂಚಿನ ಬಳೆಯಲ್ಲಿದೆ, ನಡುವೆ ತೆಳ್ಳನೆಯ ಕಡ್ಡಿಗಳಷ್ಟೇ. ಕಡಿಮೆ ಲೋಹದಲ್ಲಿ ಹೆಚ್ಚು ಇನರ್ಷಿಯಾ ಸಿಗಲಿ ಅಂತ. ಆ ಇನರ್ಷಿಯಾ ಮತ್ತು ಕೂದಲೆಳೆಯಂಥ ಸ್ಪ್ರಿಂಗಿನ ಬಿಗಿ, ಎರಡೂ ಸೇರಿ ಗಡಿಯಾರದ ಟಿಕ್ಕಿನ ಅವಧಿಯನ್ನು ತೀರ್ಮಾನಿಸುತ್ತವೆ.

ಇನರ್ಷಿಯಾ ಆದ ಮೇಲೆ ನಾನು ಕೊಡುವ ಮೊದಲ ಲೆಕ್ಕ ಬೀಳುವ ತೆಂಗಿನಮರದ್ದು. 20 ಮೀಟರ್ ಎತ್ತರದ ಮರ ಬುಡದಲ್ಲಿ ಮುರಿದು, ಬುಡವನ್ನೇ ಕೀಲು ಮಾಡಿಕೊಂಡು ಅಡ್ಡ ಬೀಳುತ್ತೆ. ಸುಳಿ ನೆಲಕ್ಕೆ ಬಡಿಯುವಾಗ ವೇಗ ಎಷ್ಟು? ಮರವನ್ನು ಒಂದೇ ದಪ್ಪದ ಕೋಲು ಅಂದುಕೊಂಡರೆ ಶಕ್ತಿಯ ಲೆಕ್ಕ ಎರಡು ಸಾಲಲ್ಲಿ ಮುಗಿಯುತ್ತೆ. ದ್ರವ್ಯರಾಶಿ ಕೇಂದ್ರ 10 ಮೀಟರ್ ಇಳಿದಿದೆ, ಅಲ್ಲಿ ಕಳೆದುಹೋದ ಶಕ್ತಿಯೆಲ್ಲ ತಿರುಗುವ ಶಕ್ತಿಯಾಗಿದೆ. ಉತ್ತರ ಸೆಕೆಂಡಿಗೆ ಸುಮಾರು 24 ಮೀಟರ್, ಅಂದರೆ ಗಂಟೆಗೆ 87 ಕಿಲೋಮೀಟರ್. ಅದೇ 20 ಮೀಟರ್ ಎತ್ತರದಿಂದ ಒಂದು ತೆಂಗಿನಕಾಯಿ ಕಳಚಿ ಬಿದ್ದರೆ, ಗಾಳಿಯ ತಡೆ ಬಿಟ್ಟರೆ, ಗಂಟೆಗೆ 71 ಕಿಲೋಮೀಟರ್. ಮರದ ಸುಳಿ ಕಾಯಿಗಿಂತ ಜೋರಾಗಿ ಬಂದು ಬೀಳುತ್ತೆ.

ತರಗತಿಯಲ್ಲಿ ಇಲ್ಲಿ ಯಾವಾಗಲೂ ಗಲಾಟೆ. ಬಿಟ್ಟ ವಸ್ತುವಿಗಿಂತ ಜೋರಾಗಿ ಇನ್ನೊಂದು ಬೀಳೋದು ಹೇಗೆ, ಗುರುತ್ವ ಎರಡಕ್ಕೂ ಒಂದೇ ಅಲ್ವಾ ಅಂತ. ಒಳ್ಳೇ ಪ್ರಶ್ನೆ. ಕಾಯಿ ಒಂಟಿ, ಅದರ ಮೇಲಿರೋದು ಅದರ ತೂಕ ಮಾತ್ರ. ಸುಳಿ ಮರಕ್ಕೆ ಅಂಟಿಕೊಂಡಿದೆ, ಕೆಳಗಿನ ಕಾಂಡ ಅದನ್ನೂ ಎಳೆದುಕೊಂಡೇ ತಿರುಗುತ್ತೆ. ಮರ ಮಟ್ಟಸವಾಗುವ ಹೊತ್ತಿಗೆ ಸುಳಿ ಕೆಳಮುಖವಾಗಿ ಪಡೆಯುವ ವೇಗೋತ್ಕರ್ಷ ಗುರುತ್ವದ ಒಂದೂವರೆ ಪಟ್ಟು. ಇದಕ್ಕೆ ಸರಿಯಾಗಿ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ, ‘ಮೇಡಂ, ನಿಜವಾದ ಮರದಲ್ಲಿ ತೂಕವೆಲ್ಲ ಮೇಲೇ ಇರುತ್ತಲ್ಲ, ಗರಿ, ಗೊನೆ ಎಲ್ಲ?’ ತೋಟದ ಹುಡುಗನಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ತೂಕ ಪೂರ್ತಿ ತುದಿಯಲ್ಲೇ ಇದ್ದುಬಿಟ್ಟರೆ ಸುಳಿಯ ವೇಗ ಬಿಡಿ ಕಾಯಿಯ ವೇಗದಷ್ಟೇ ಆಗುತ್ತೆ, 71. ನಿಜವಾದ ಮರದ್ದು ಎರಡರ ನಡುವೆ ಎಲ್ಲೋ. ತಲೆಭಾರ ಹೆಚ್ಚಿದಷ್ಟೂ ಬೀಳುವ ತಲೆಯ ವೇಗ ಕಡಿಮೆ! ಆಶ್ಚರ್ಯಸೂಚಕ ಚಿಹ್ನೆಯನ್ನು ನಾನು ಅಷ್ಟಾಗಿ ಬಳಸುವವಳಲ್ಲ, ಇಲ್ಲಿ ತಪ್ಪಿಸಿಕೊಳ್ಳೋಕೆ ಆಗಲಿಲ್ಲ.

ಎರಡನೆಯ ಲೆಕ್ಕ ಬಾವಿಯ ರಾಟೆ. 4 ಕೆಜಿಯ ರಾಟೆಗೆ ಹಗ್ಗ ಸುತ್ತಿದೆ, ಹಗ್ಗದ ತುದಿಯಲ್ಲಿ 4 ಕೆಜಿಯ ಕೊಡ, ಕೈ ಬಿಟ್ಟಿದ್ದೇವೆ. ಕೊಡ ಎಷ್ಟು ವೇಗೋತ್ಕರ್ಷದಲ್ಲಿ ಇಳಿಯುತ್ತೆ, ಹಗ್ಗದ ಎಳೆತ ಎಷ್ಟು? ಬಹಳ ಮಕ್ಕಳು ಮೊದಲ ಸಾಲಿನಲ್ಲೇ ಹಗ್ಗದ ಎಳೆತ ಅಂದರೆ ಕೊಡದ ತೂಕ, 39 ನ್ಯೂಟನ್ ಅಂತ ಬರೆದುಬಿಡುತ್ತಾರೆ. ಹಗ್ಗ ಕೊಡದ ತೂಕವನ್ನು ಪೂರ್ತಿ ಹೊತ್ತಿದ್ದರೆ ಕೊಡ ಇಳಿಯೋದಾದರೂ ಹೇಗೆ? ನಾನು ಮಾಡಿಸೋದು ಮೂರೇ ಸಾಲು. ಕೊಡಕ್ಕೆ ಒಂದು: ತೂಕದಲ್ಲಿ ಎಳೆತ ಕಳೆದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ. ರಾಟೆಗೆ ಒಂದು, ಅದರ ಅಚ್ಚಿನಲ್ಲಿ ನಿಂತು: ಎಳೆತ ಗುಣಿಸು ತ್ರಿಜ್ಯ ಅಂದರೆ ಇನರ್ಷಿಯಾ ಗುಣಿಸು ಕೋನೀಯ ವೇಗೋತ್ಕರ್ಷ (ತಿರುಗುವ ವೇಗ ಹೆಚ್ಚುವ ದರ). ಮೂರನೆಯದು ಇವೆರಡನ್ನೂ ಕಟ್ಟುವ ಗಂಟು: ಹಗ್ಗ ಜಾರುತ್ತಿಲ್ಲ, ಆದ್ದರಿಂದ ಕೊಡದ ವೇಗೋತ್ಕರ್ಷ ಅಂದರೆ ತ್ರಿಜ್ಯ ಗುಣಿಸು ಕೋನೀಯ ವೇಗೋತ್ಕರ್ಷ. ಈ ಮೂರನೆಯ ಸಾಲು ಬರೆಯದೆ ಲೆಕ್ಕ ಅರ್ಧಕ್ಕೆ ನಿಲ್ಲಿಸಿದ ಉತ್ತರ ಪತ್ರಿಕೆಗಳು ನನಗೆ ಪ್ರತಿ ವರ್ಷ ಸಿಗುತ್ತವೆ. ಅಜ್ಞಾತ ಮೂರು, ಸಮೀಕರಣ ಎರಡು. ಬೀಜಗಣಿತದಲ್ಲಿ ನೂರಕ್ಕೆ ನೂರು ತೆಗೆದವರೂ ಅಲ್ಲಿ ಸಿಕ್ಕಿಹಾಕಿಕೊಂಡು ಕೂತಿರುತ್ತಾರೆ.

ಇನ್ನು ಕೆಲವರು ಶುರುವೇ ಮಾಡೋದಿಲ್ಲ. ‘ಮೇಡಂ, ರೇಡಿಯಸ್ ಕೊಟ್ಟಿಲ್ಲ.’ ಕೊಟ್ಟಿಲ್ಲ, ಬೇಕಾಗಿಯೂ ಇಲ್ಲ. ಮೂರು ಸಾಲನ್ನೂ ಸೇರಿಸಿದರೆ ತ್ರಿಜ್ಯ ತಾನೇ ಹೊಡೆದುಹೋಗುತ್ತೆ. ರಾಟೆ ಡಿಸ್ಕಿನಂತಿದ್ದರೆ ಕೊಡದ ವೇಗೋತ್ಕರ್ಷ ಗುರುತ್ವದ 2/3, ಸೆಕೆಂಡಿನ ವರ್ಗಕ್ಕೆ 6.5 ಮೀಟರ್, ಹಗ್ಗದ ಎಳೆತ 13 ನ್ಯೂಟನ್. ನಿಜವಾದ ಕಬ್ಬಿಣದ ರಾಟೆ ಡಿಸ್ಕ್ ಅಲ್ಲ, ನಡುವೆ ಕಡ್ಡಿಗಳಿರುವ ಬಳೆ. ಪೂರ್ತಿ ಬಳೆಯೇ ಅಂದುಕೊಂಡರೆ ವೇಗೋತ್ಕರ್ಷ ಗುರುತ್ವದ ಅರ್ಧಕ್ಕೆ ಇಳಿಯುತ್ತೆ, ಎಳೆತ 19.6 ನ್ಯೂಟನ್‌ಗೆ ಏರುತ್ತೆ. ಪುಸ್ತಕದ ಲೆಕ್ಕ ‘ಡಿಸ್ಕ್’ ಅಂತ ಒಂದು ಪದ ಹಾಕಿ ಮುಂದೆ ಹೋಗಿರುತ್ತೆ, ಅದರ ಹಿಂದೆ ಇಷ್ಟು ವ್ಯತ್ಯಾಸ ಅಡಗಿದೆ.

ಹಗ್ಗಕ್ಕೆ ತೂಕವಿಲ್ಲ ಅನ್ನೋದು ಇನ್ನೊಂದು. ಬಾವಿಯ ಹಗ್ಗಕ್ಕೆ ಅದು ನಡೆಯುತ್ತೆ. ಕೋಲಾರ ಜಿಲ್ಲೆಯ ಕೆಜಿಎಫ್‌ನಲ್ಲಿ ನಡೆಯುತ್ತಿರಲಿಲ್ಲ. 2001ರಲ್ಲಿ ಗಣಿಗಾರಿಕೆ ನಿಲ್ಲುವವರೆಗೂ ಅಲ್ಲಿ ಜನರನ್ನೂ ಅದಿರನ್ನೂ ಏರಿಸಿ ಇಳಿಸಿದ್ದು ದೊಡ್ಡ ದೊಡ್ಡ ಡ್ರಮ್ಮಿಗೆ ಸುತ್ತಿದ ಉಕ್ಕಿನ ಹಗ್ಗಗಳು. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರ್‌ಗೂ ಮಿಕ್ಕಿದ್ದು. 5 ಚದರ ಸೆಂಟಿಮೀಟರ್ ಉಕ್ಕು ಇರುವ ಹಗ್ಗವನ್ನು ತೆಗೆದುಕೊಂಡರೆ ಮೀಟರಿಗೆ ಸುಮಾರು 4 ಕೆಜಿ. ಒಂದೇ ಕಿಲೋಮೀಟರ್ ಇಳಿಬಿಟ್ಟರೂ ಹಗ್ಗದ್ದೇ 4 ಟನ್ ತೂಕ. ಡ್ರಮ್ ತಿರುಗಿದಂತೆಲ್ಲ ನೇತಾಡುವ ಹಗ್ಗ ಉದ್ದವಾಗುತ್ತೆ ಅಥವಾ ಗಿಡ್ಡವಾಗುತ್ತೆ, ಟಾರ್ಕ್, ಅಂದರೆ ಬಲ ಗುಣಿಸು ಅಚ್ಚಿನಿಂದ ಅದರ ದೂರ, ಬದಲಾಗುತ್ತಲೇ ಹೋಗುತ್ತೆ. ಗಣಿಯ ಎಂಜಿನಿಯರುಗಳಿಗೆ ನಮ್ಮ ಮೂರು ಸಾಲು ಬರೀ ಪೀಠಿಕೆ.

ಈಗ ಉರುಳುವ ವಿಷಯ, ನಿಜವಾದ ತಲೆನೋವು ಇರೋದು ಇಲ್ಲೇ.

ನಮ್ಮ ಕಡೆ ರಾಗಿ ಕಣದಲ್ಲಿ ಓಡಾಡುತ್ತಿದ್ದ ರೋಣಗಲ್ಲನ್ನು ಈಗಿನ ಮಕ್ಕಳು ಕೆಲಸದಲ್ಲಿ ನೋಡಿಲ್ಲ. ಟ್ರ್ಯಾಕ್ಟರ್ ಬಂತು, ಮಿಷನ್ ಬಂತು, ಅದೂ ಇಲ್ಲದಿದ್ದರೆ ಟಾರ್ ರಸ್ತೆಗೇ ತೆನೆ ಹರಡಿ ಬಸ್ಸು ಲಾರಿಗಳ ಕೈಲಿ ಬಿಟ್ಟಿ ಕೆಲಸ ಮಾಡಿಸೋದು ಬಂತು. ಕಲ್ಲು ಮಾತ್ರ ಹಿತ್ತಲಲ್ಲೋ ಬೇವಿನಮರದ ಕೆಳಗೋ ಬಿದ್ದಿರುತ್ತೆ, ಅಜ್ಜಂದಿರು ಕೂರೋಕೆ. ಭೌತಶಾಸ್ತ್ರದ ಪುಸ್ತಕದ ‘ಸಾಲಿಡ್ ಸಿಲಿಂಡರ್’ ಅಂದರೆ ಅದೇ. ಒಂದು ಮೊಳ ದಪ್ಪ, ಎರಡು ಮೊಳ ಉದ್ದದ ಕಲ್ಲು ಸುಮಾರು 300 ಕೆಜಿ ತೂಗುತ್ತೆ. ಎರಡೂ ತುದಿಯ ನಡುವೆ ಗೂಟ, ಗೂಟಕ್ಕೆ ಮರದ ಚೌಕಟ್ಟು, ಚೌಕಟ್ಟಿಗೆ ಎತ್ತು. ಎತ್ತುಗಳು 450 ನ್ಯೂಟನ್ ಬಲದಲ್ಲಿ ಎಳೆಯುತ್ತಿವೆ, ಕಲ್ಲು ಜಾರದೆ ಉರುಳುತ್ತಿದೆ, ಕಲ್ಲಿಗೂ ನೆಲಕ್ಕೂ ಘರ್ಷಣೆಯ ಗುಣಾಂಕ 0.5. ವೇಗೋತ್ಕರ್ಷ ಎಷ್ಟು?

ಗುಣಾಂಕ ಕೊಟ್ಟ ತಕ್ಷಣ ಅದನ್ನು ಬಳಸಲೇಬೇಕು ಅನ್ನೋದು ನಮ್ಮ ಮಕ್ಕಳಲ್ಲಿ ಬೇರೂರಿದ ನಂಬಿಕೆ. ತುರುವೇಕೆರೆ ಕಡೆಯ ಒಬ್ಬ ಹುಡುಗಿ ಬೋರ್ಡಿಗೆ ಬಂದು ಘರ್ಷಣೆ ಅಂದರೆ ಮ್ಯೂ ಎನ್ (ಗುಣಾಂಕ ಗುಣಿಸು ನೆಲದ ಒತ್ತುಬಲ), 0.5 ಗುಣಿಸು 300 ಗುಣಿಸು 9.8, 1,470 ನ್ಯೂಟನ್ ಅಂತ ಬರೆದಳು. ಬಾಣವನ್ನು ಹಿಂದಕ್ಕೆ ಹಾಕಿದಳು.

‘ಎತ್ತು ಎಷ್ಟರಲ್ಲಿ ಎಳೀತಿದೆಯಮ್ಮ?’

‘450 ಮೇಡಂ.’

‘ಘರ್ಷಣೆ ಹಿಂದಕ್ಕೆ?’

‘1,470.’ ಬರೆದಿದ್ದನ್ನು ನೋಡಿದಳು. ‘ಅಂದ್ರೆ ಕಲ್ಲು ಹಿಂದಕ್ಕೆ ಹೋಗುತ್ತಾ ಮೇಡಂ? ಎತ್ತನ್ನೂ ಎಳ್ಕೊಂಡು?’

ತರಗತಿ ನಕ್ಕಿತು, ಅವಳೂ ನಕ್ಕಳು. ಆಮೇಲೆ ಯಾರೂ ಹೇಳಿಕೊಡದೆಯೇ ಅವಳೇ ಮ್ಯೂ ಎನ್ ಅಳಿಸಿ ಆ ಜಾಗದಲ್ಲಿ ಎಫ್ ಅಂತ ಬರೆದಳು. ಇಡೀ ಪಾಠದಲ್ಲಿ ನಾನು ಕಾಯುವ ಘಳಿಗೆ ಅದು. ಜಾರದೆ ಇರುವ ಕಡೆ ಘರ್ಷಣೆ ನಮಗೆ ಮೊದಲೇ ಗೊತ್ತಿರುವ ಸಂಖ್ಯೆಯಲ್ಲ. ಎಷ್ಟು ಬೇಕೋ ಅಷ್ಟು ಕೊಡುವ ಬಲ ಅದು, ಮ್ಯೂ ಎನ್ ಅದರ ಮೇಲ್ಮಿತಿ ಮಾತ್ರ. ಅದನ್ನು ಅಜ್ಞಾತವಾಗಿ ಬಿಟ್ಟು ಮೂರು ಸಾಲು ಬರೆದರೆ ಲೆಕ್ಕವೇ ಅದರ ಬೆಲೆ ಹೇಳುತ್ತೆ. ಎಳೆತದ ಮೂರನೇ ಒಂದು ಪಾಲು, 150 ನ್ಯೂಟನ್. ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 1 ಮೀಟರ್. ಆಮೇಲೆ ಮಾತ್ರ ಮೇಲ್ಮಿತಿ ನೋಡಬೇಕು: 150 ಅನ್ನೋದು 1,470ಕ್ಕಿಂತ ಕಡಿಮೆ ಇದೆ, ಆದ್ದರಿಂದ ಜಾರಲ್ಲ ಅಂದಿದ್ದು ಸರಿ. ಗುಣಾಂಕದ ಕೆಲಸ ಇಷ್ಟೇ, ಬಾಗಿಲಲ್ಲಿ ನಿಂತು ಒಳಗೆ ಬಿಡಬಹುದೋ ಇಲ್ಲವೋ ನೋಡೋದು.

ಮುಂದಿನ ಪ್ರಶ್ನೆ ದಿಕ್ಕಿನದ್ದು. ಘರ್ಷಣೆ ಯಾವಾಗಲೂ ಚಲನೆಗೆ ಎದುರು ಅಂತ ಹೈಸ್ಕೂಲಿನಲ್ಲಿ ಹೇಳಿಕೊಟ್ಟದ್ದು ಇಲ್ಲಿ ಕಾಲಿಗೆ ತೊಡರುತ್ತೆ. ಎತ್ತು ಎಳೆಯೋದು ಕಲ್ಲಿನ ನಡುವಿಗೆ ಕಟ್ಟಿ. ನಡುವಿನಲ್ಲಿ ಕೂತ ಬಲಕ್ಕೆ ಕಲ್ಲನ್ನು ತಿರುಗಿಸುವ ಶಕ್ತಿಯೇ ಇಲ್ಲ, ಅದು ಕಲ್ಲನ್ನು ಮುಂದಕ್ಕೆ ಜಾರಿಸಬಲ್ಲದು ಅಷ್ಟೇ. ತಿರುಗಿಸುವವರು ಬೇಕಲ್ಲ? ಅದು ನೆಲ. ಕೆಳಗೆ ಹಿಂದಕ್ಕೆ ಎಳೆದರೆ ಕಲ್ಲು ಮುಂದಕ್ಕೆ ಉರುಳುತ್ತೆ. ಈಗ ಎತ್ತನ್ನು ಬಿಚ್ಚಿ, ಕಲ್ಲಿಗೆ ಹಗ್ಗ ಸುತ್ತಿ ಮೇಲ್ಭಾಗದಿಂದ ಅದೇ 450 ನ್ಯೂಟನ್‌ನಲ್ಲಿ ಎಳೆಯಿರಿ. ಮೂರು ಸಾಲು ಮತ್ತೆ ಬರೆದರೆ ವೇಗೋತ್ಕರ್ಷ ದುಪ್ಪಟ್ಟು, 2 ಮೀಟರ್. ಘರ್ಷಣೆ ಮತ್ತೆ 150 ನ್ಯೂಟನ್ನೇ, ಆದರೆ ಈ ಸಲ ಮುಂದಕ್ಕೆ! ಎತ್ತಿಗೆ ಎದುರು ನಿಂತಿದ್ದ ನೆಲ ಈಗ ಹಗ್ಗದ ಜೊತೆ ಸೇರಿ ಎಳೆಯುತ್ತಿದೆ. ಬದಲಾದದ್ದು ಬಲ ಕೂತ ಜಾಗ ಮಾತ್ರ. ಬೈಕಿನಲ್ಲೂ ಹೀಗೇ. ಎಕ್ಸಿಲರೇಟರ್ ಕೊಟ್ಟಾಗ ಎಂಜಿನ್ ತಿರುಗಿಸುವ ಹಿಂದಿನ ಗಾಲಿಗೆ ಘರ್ಷಣೆ ಮುಂದಕ್ಕೆ, ಸುಮ್ಮನೆ ನೂಕಿಸಿಕೊಂಡು ಹೋಗುವ ಮುಂದಿನ ಗಾಲಿಗೆ ಹಿಂದಕ್ಕೆ.

ದಿಕ್ಕು ಗೊತ್ತಾಗದಿದ್ದರೆ ಏನು ಮಾಡೋದು? ಯಾವ ಕಡೆಗಾದರೂ ಹಾಕಿ, ಉತ್ತರ ಋಣವಾಗಿ ಬಂದರೆ ತಿರುಗಿಸಿಕೊಂಡರಾಯಿತು. ಚಿಹ್ನೆಯನ್ನು ಮಾತ್ರ ನಡುವೆ ಬದಲಿಸಬಾರದು. ಮುಂದಕ್ಕೆ ಧನ ಅಂದಿದ್ದರೆ, ಮುಂದಕ್ಕೆ ಉರುಳಿಸುವ ತಿರುಗುವಿಕೆಯೂ ಧನವೇ ಆಗಿರಲಿ.

ಬಿಂದುವಿನ ಮಾತು ಬಾಕಿ ಇತ್ತಲ್ಲ. ಈವರೆಗೆ ಕಲ್ಲಿನ ನಡುವಿನಲ್ಲಿ ನಿಂತು ಟಾರ್ಕ್ ಬರೆದೆವು. ಅಲ್ಲಿಂದ ಇಳಿದು, ಕಲ್ಲು ನೆಲ ಮುಟ್ಟುವ ಜಾಗದಲ್ಲಿ ನಿಂತರೆ? ಘರ್ಷಣೆ ಆ ಬಿಂದುವಿನಲ್ಲೇ ಕೂತಿದೆ, ಅದರ ಟಾರ್ಕ್ ಸೊನ್ನೆ. ನೆಲದ ಒತ್ತುಬಲವೂ ಅಲ್ಲೇ, ಅದರದ್ದೂ ಸೊನ್ನೆ. ಕಲ್ಲಿನ ತೂಕದ ಗೆರೆ ನೇರವಾಗಿ ಅದೇ ಬಿಂದುವಿನ ಮೇಲೆ ಹಾದುಹೋಗುತ್ತೆ, ಅದೂ ಸೊನ್ನೆ. ಉಳಿದದ್ದು ಎತ್ತಿನ ಎಳೆತ ಒಂದೇ. ಆ ಬಿಂದುವಿನ ಸುತ್ತ ಕಲ್ಲಿನ ಇನರ್ಷಿಯಾಗೆ ಸಮಾಂತರ ಅಕ್ಷದ ಪ್ರಮೇಯದಿಂದ (ಅಕ್ಷ ನಡುವಿನಿಂದ ಸರಿದ ದೂರದ ವರ್ಗ ಗುಣಿಸು ದ್ರವ್ಯರಾಶಿಯನ್ನು ಕೂಡಿಸು ಅನ್ನುವ ನಿಯಮ) 1/2 ಇದ್ದದ್ದು 3/2 ಆಗುತ್ತೆ. ಒಂದೇ ಸಾಲಲ್ಲಿ ವೇಗೋತ್ಕರ್ಷ ಕೈಗೆ ಬಂತು. ಮೇಲಿನಿಂದ ಎಳೆದಾಗ ಯಾಕೆ ದುಪ್ಪಟ್ಟು ಅಂತಲೂ ಕಾಣುತ್ತೆ: ನೆಲದಿಂದ ನೋಡಿದರೆ ಹಗ್ಗ ಇರೋದು ದುಪ್ಪಟ್ಟು ಎತ್ತರದಲ್ಲಿ. ತಿಳಿಯದ ಬಲ ಎಲ್ಲಿ ಕೂತಿದೆಯೋ ಅಲ್ಲೇ ಹೋಗಿ ನಿಲ್ಲು, ಅದು ಲೆಕ್ಕದಿಂದ ಮಾಯವಾಗುತ್ತೆ. ಈ ಪಾಠದಲ್ಲಿ ನನಗೆ ಅತ್ಯಂತ ಇಷ್ಟವಾದ ಉಪಾಯ ಇದು. ತೂಕ ಒಂದು ಕಡೆಗೆ ವಾಲಿರುವ ಚಕ್ರಕ್ಕೆ ಮಾತ್ರ ಹೀಗೆ ನೇರವಾಗಿ ಬರೆಯಬಾರದು, ಅಲ್ಲಿ ದ್ರವ್ಯರಾಶಿ ಕೇಂದ್ರಕ್ಕೇ ವಾಪಸ್ ಹೋಗೋದು ಕ್ಷೇಮ.

ನೆಲ ಮುಟ್ಟಿದ ಆ ಬಿಂದು ಆ ಕ್ಷಣಕ್ಕೆ ನಿಂತೇ ಇರುತ್ತೆ ಅನ್ನೋದನ್ನು ಒಪ್ಪಿಸೋದು ಕಷ್ಟ. ಓಡುವ ಸೈಕಲ್ಲಿನ ಫೋಟೋ ತೆಗೆದು ನೋಡಿ ಅನ್ನುತ್ತೇನೆ. ಚಕ್ರದ ಮೇಲ್ಭಾಗದ ಕಡ್ಡಿಗಳು ಕಲಸಿಹೋಗಿರುತ್ತವೆ, ನೆಲದ ಹತ್ತಿರದವು ಎಣಿಸುವಷ್ಟು ಸ್ಪಷ್ಟವಾಗಿ ಬಂದಿರುತ್ತವೆ. ಚಕ್ರದ ನೆತ್ತಿ ಸೈಕಲ್ಲಿನ ಎರಡು ಪಟ್ಟು ವೇಗದಲ್ಲಿ ಹೋಗುತ್ತಿದ್ದರೆ ಬುಡದ ವೇಗ ಸೊನ್ನೆ. ನಿಂತಿರುವ ಬಿಂದುವಿನ ಮೇಲೆ ಕೂತ ಬಲ ಕೆಲಸ ಮಾಡೋದಿಲ್ಲ. ಹಾಗಾಗಿಯೇ ಉರುಳುವ ಲೆಕ್ಕದಲ್ಲಿ ಘರ್ಷಣೆ ಇದ್ದರೂ ಶಕ್ತಿಯ ಸಂರಕ್ಷಣೆಯನ್ನು ಧೈರ್ಯವಾಗಿ ಬರೆಯಬಹುದು.

ಸ್ಟೋರ್‌ರೂಮಿನಲ್ಲಿದ್ದ ಹಳೇ ಮರದ ಬ್ಲಾಕ್‌ಬೋರ್ಡನ್ನು ಇಟ್ಟಿಗೆ ಮೇಲೆ ಓರೆಯಾಗಿ ನಿಲ್ಲಿಸಿ ರೇಸ್ ಇಡಿಸೋದು ನನ್ನ ರೂಢಿ. ಗೋಲಿ, ಟೇಬಲ್ ಟೆನಿಸ್ ಚೆಂಡು, ಬೋರ್‌ವೆಲ್ಲಿನ ಕೇಸಿಂಗ್ ಪೈಪಿನ ತುಂಡು, ಮರಳು ಗಿಡಿದು ತುಂಬಿದ ಬಾಟಲಿ. ಯಾವುದು ಗೆಲ್ಲುತ್ತೆ ಅಂತ ಮೊದಲೇ ಬರೆದುಕೊಡಬೇಕು. ಹೆಚ್ಚಿನವರು ಭಾರವಾದ ಬಾಟಲಿ ಅಂತ ಬರೆಯುತ್ತಾರೆ. ಗೆಲ್ಲೋದು ಗೋಲಿ. ತೂಕವೂ ಲೆಕ್ಕಕ್ಕಿಲ್ಲ, ತ್ರಿಜ್ಯವೂ ಲೆಕ್ಕಕ್ಕಿಲ್ಲ, ದ್ರವ್ಯರಾಶಿ ನಡುವಿನಲ್ಲಿದೆಯೋ ಅಂಚಿನಲ್ಲಿದೆಯೋ ಅನ್ನೋದೊಂದೇ ಲೆಕ್ಕ. ಜಾರುವ ವಸ್ತುವಿನ ವೇಗೋತ್ಕರ್ಷದಲ್ಲಿ ಗೋಲಿಗೆ ಸಿಗೋದು 5/7, ಮರಳಿನ ಬಾಟಲಿಗೆ ಹೆಚ್ಚುಕಡಿಮೆ 2/3, ಚೆಂಡಿಗೆ 3/5, ಪೈಪಿಗೆ 1/2. ಎರಡು ಮೀಟರ್ ಹಲಗೆ, 10 ಡಿಗ್ರಿ ಓರೆ ಅಂದರೆ ಗೋಲಿಗೆ 1.8 ಸೆಕೆಂಡ್, ಪೈಪಿಗೆ 2.2. ಕಣ್ಣಿಗೇ ಕಾಣುವಷ್ಟು ಅಂತರ. ಆಮೇಲೆ ನೀರು ತುಂಬಿದ ಬಾಟಲಿ ಬಿಡಿಸುತ್ತೇನೆ. ಅದು ಗೋಲಿಯನ್ನೂ ಹಿಂದೆ ಹಾಕುತ್ತೆ, ಯಾಕೆಂದರೆ ತಿರುಗೋದು ಬಾಟಲಿಯ ಚಿಪ್ಪು ಮಾತ್ರ, ಒಳಗಿನ ನೀರು ಹೆಚ್ಚುಕಡಿಮೆ ತಿರುಗದೆ ಸುಮ್ಮನೆ ಇಳಿಯುತ್ತೆ. ಅರ್ಧ ಮರಳು ತುಂಬಿದ್ದನ್ನು ಬಿಟ್ಟರೆ ತಮಾಷೆ. ಒಂದು ಸುತ್ತು ತೂಗಾಡಿ, ಮುಗ್ಗರಿಸಿ, ಓರೆ ಕಡಿಮೆಯಿದ್ದರೆ ದಾರಿಯಲ್ಲೇ ನಿಂತುಬಿಡುತ್ತೆ. ತೆಂಗಿನಕಾಯಿಯೂ ಪ್ರಯತ್ನಿಸಿದ್ದೆವು, ತಿಪಟೂರಿನ ಮಕ್ಕಳು ಬಿಡಲಿಲ್ಲ. ಅದು ನೇರವಾಗಿ ಉರುಳದೆ ಹಲಗೆಯಿಂದ ಪಕ್ಕಕ್ಕೆ ಹಾರಿ ಯಾರದೋ ಕಾಲ ಮೇಲೆ ಬಿತ್ತು.

ಇದಕ್ಕೆಲ್ಲ ಸಮಯ ಎಲ್ಲಿದೆ ಅಂತ ಸಹೋದ್ಯೋಗಿಗಳು ಕೇಳುತ್ತಾರೆ, ಅವರ ಮಾತಲ್ಲಿ ಹುರುಳಿಲ್ಲದೆ ಇಲ್ಲ. ಸಿಇಟಿಯಲ್ಲಿ ಭೌತಶಾಸ್ತ್ರಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ, ಒಂದಕ್ಕೆ 80 ಸೆಕೆಂಡ್. ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯ ಹಗುರ ಮಾಡುವಾಗ ಉರುಳುವ ಚಲನೆಯ ಭಾಗವನ್ನೂ ಸಮಾಂತರ ಅಕ್ಷದ ಪ್ರಮೇಯವನ್ನೂ ಪುಸ್ತಕದಿಂದ ತೆಗೆದುಹಾಕಿತು. ಜೆಇಇ ಅಡ್ವಾನ್ಸ್ಡ್ ಬರೆಯುವವರಿಗೆ ಅವು ಬೇಕೇ ಬೇಕು, ಆದ್ದರಿಂದ ಕೋಚಿಂಗಿನಲ್ಲಿ ಸಿಗುತ್ತವೆ, ಹೆಚ್ಚಿನ ಕಡೆ ಇಳಿಜಾರಿನ ಒಂದು ಶಾರ್ಟ್‌ಕಟ್ ಸೂತ್ರದ ರೂಪದಲ್ಲಿ. ಆ ಸೂತ್ರ ತಪ್ಪಲ್ಲ, ಬೇಗವೂ ಹೌದು. ಕಲ್ಲಿಗೆ ಒಂದು ಹಗ್ಗ ಸುತ್ತಿದ ತಕ್ಷಣ ಅದರ ಆಟ ಮುಗಿಯಿತು. ಪಠ್ಯ ಹಗುರ ಮಾಡುವುದಿದ್ದರೆ ಇನ್ನೇನಾದರೂ ತೆಗೆಯಬಹುದಿತ್ತು, ಇಡೀ ಪಾಠದ ರುಚಿ ಇದ್ದದ್ದೇ ಉರುಳುವಿಕೆಯಲ್ಲಿ ಅನ್ನೋದು ನನ್ನ ಅಭಿಪ್ರಾಯ.

ಕೋನೀಯ ಸಂವೇಗದ, ಅಂದರೆ ಇನರ್ಷಿಯಾ ಗುಣಿಸು ತಿರುಗುವ ವೇಗದ, ಲೆಕ್ಕಗಳಲ್ಲೂ ಮಕ್ಕಳು ಎಡವೋದು ಬಿಂದುವಿನ ಹತ್ತಿರವೇ, ಬಹಳ ಬೆಳೆಸೋದಿಲ್ಲ. ಬಾಗಿಲಿಗೆ ಮಣ್ಣಿನ ಉಂಡೆ ಹೊಡೆದು ಅಂಟಿಕೊಂಡಿತು, ಬಾಗಿಲು ಎಷ್ಟು ವೇಗದಲ್ಲಿ ತಿರುಗುತ್ತೆ? ಅಭ್ಯಾಸಬಲದಿಂದ ಸಾಮಾನ್ಯ ಸಂವೇಗದ ಸಂರಕ್ಷಣೆ ಬರೆಯುತ್ತಾರೆ. ಅದು ನಡೆಯಲ್ಲ, ಏಟು ಬಿದ್ದ ಕ್ಷಣ ಕೀಲು ಕೂಡ ಬಾಗಿಲನ್ನು ಎಷ್ಟೋ ಬಲದಲ್ಲಿ ಹಿಡಿದಿರುತ್ತೆ. ಶಕ್ತಿಯೂ ಉಳಿಯೋದಿಲ್ಲ, ಉಂಡೆ ಅಪ್ಪಚ್ಚಿಯಾಗಿದೆ. ಕೀಲಿನಲ್ಲೇ ನಿಂತು ನೋಡಿದರೆ ಕೀಲಿನ ಬಲಕ್ಕೆ ಟಾರ್ಕ್ ಇಲ್ಲ, ಅಲ್ಲಿ ಕೋನೀಯ ಸಂವೇಗ ಉಳಿಯುತ್ತೆ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರುವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆದ ಮೇಲೆ, ಬಾಲದ ಪುಟ್ಟ ರೆಕ್ಕೆ ಯಾಕೆ ಬೇಕು ಅನ್ನುವ ಪ್ರಶ್ನೆ ತರಗತಿಯಲ್ಲಿ ತಾನಾಗಿಯೇ ಬರುತ್ತೆ. ಎಂಜಿನ್ ಮೇಲಿನ ದೊಡ್ಡ ರೆಕ್ಕೆಗಳನ್ನು ಒಂದು ಕಡೆ ತಿರುಗಿಸಿದರೆ ಒಡಲು ಇನ್ನೊಂದು ಕಡೆ ತಿರುಗಲು ನೋಡುತ್ತೆ. ಆ ಟಾರ್ಕ್ 12,000 ನ್ಯೂಟನ್ ಮೀಟರ್ ಅಂದುಕೊಳ್ಳಿ. ಬಾಲ 6 ಮೀಟರ್ ದೂರದಲ್ಲಿದ್ದರೆ ಪುಟ್ಟ ರೆಕ್ಕೆ 2,000 ನ್ಯೂಟನ್ ಬಲ ಕೊಟ್ಟರೆ ಸಾಕು. ಬಾಲವನ್ನು ಅರ್ಧಕ್ಕೆ ಕತ್ತರಿಸಿದರೆ 4,000 ಬೇಕು. ಅಷ್ಟುದ್ದ ಬಾಲ ಸುಮ್ಮನೆ ಇಟ್ಟಿಲ್ಲ.

ವರ್ಷದ ಕೊನೆಗೆ ನಾನು ಉಳಿಸಿಕೊಳ್ಳುವ ಲೆಕ್ಕ ದಾರದ ರೀಲಿನದ್ದು. ದಪ್ಪ ಅಂಚಿನ ರೀಲು ಮೇಜಿನ ಮೇಲೆ ನಿಂತಿದೆ, ಒಳಗಿನ ಸಣ್ಣ ದಿಂಡಿಗೆ ಸುತ್ತಿದ ದಾರ ಕೆಳಬದಿಯಿಂದ ಹೊರಗೆ ಬಂದಿದೆ. ದಾರ ಎಳೆದರೆ ರೀಲು ನನ್ನ ಕಡೆ ಬರುತ್ತೋ, ದೂರ ಹೋಗುತ್ತೋ? ತರಗತಿ ಎರಡು ಪಾಳಯ ಆಗುತ್ತೆ, ಎರಡೂ ಸರಿ. ಮೇಜಿಗೆ ಮಟ್ಟಸವಾಗಿ ಎಳೆದರೆ ರೀಲು ದಾರ ಸುತ್ತಿಕೊಳ್ಳುತ್ತಾ ನಮ್ಮ ಕಡೆಗೇ ಬರುತ್ತೆ. ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ಎಳೆದರೆ ದಾರ ಬಿಚ್ಚಿಕೊಳ್ಳುತ್ತಾ ದೂರ ಓಡುತ್ತೆ. ರೀಲಿನ ನಡುವಿನಲ್ಲಿ ನಿಂತು ಇದನ್ನು ಬಿಡಿಸಲು ಹೋದರೆ ಒಂದು ಪುಟ ಬೇಕು. ಮೇಜು ಮುಟ್ಟಿದ ಬಿಂದುವಿನಲ್ಲಿ ನಿಂತರೆ ಸ್ಕೇಲು ಸಾಕು: ದಾರದ ಗೆರೆಯನ್ನು ಹಿಂದಕ್ಕೆ ಬೆಳೆಸಿ, ಅದು ಆ ಬಿಂದುವಿನ ಯಾವ ಬದಿಯಲ್ಲಿ ಹಾದುಹೋಗುತ್ತೆ ನೋಡಿ, ಅಷ್ಟೇ. ಗೆರೆ ಸರಿಯಾಗಿ ಆ ಬಿಂದುವಿನ ಮೇಲೇ ಹಾದರೆ ಟಾರ್ಕ್ ಇಲ್ಲ, ರೀಲು ಯಾವ ಕಡೆಗೂ ಉರುಳಲ್ಲ. ಒಳದಿಂಡಿನ ತ್ರಿಜ್ಯ ಹೊರಗಿನದರ ಅರ್ಧ ಇದ್ದರೆ ಆ ಕೋನ 60 ಡಿಗ್ರಿ. ಮೆಲ್ಲಗೆ ಎಳೆದರೆ ರೀಲು ಅಲುಗಾಡದೆ ನಿಲ್ಲುತ್ತೆ, ಎಳೆತ ಹೆಚ್ಚಿಸುತ್ತಾ ಹೋದರೆ ಒಂದು ಹಂತದಲ್ಲಿ ಸರ್ರನೆ ಜಾರುತ್ತೆ.

‘ಜಾರ್ತಿದೆಯಲ್ಲ ಮೇಡಂ, ಈಗ ಮ್ಯೂ ಎನ್ ಹಾಕಬಹುದಾ?’ ಅಂತ ಕೇಳಿದಳು ತುರುವೇಕೆರೆಯ ಆ ಹುಡುಗಿ.

‘ಈಗ ಹಾಕಮ್ಮ.’